ಮಗಳು ಗೆಜ್ಜೆ ಬಿಟ್ಟು ಕುಣೀತೀನಿ ಅಂತಾಳೆ, ಗುರುಗಳು ಬೇಡ ಅಂತಾರೆ, ನಾನೇನ್ ಮಾಡ್ಲಿ?

ಪ್ರಶ್ನೆ: ನಮ್ಮದು ಸಾಗರದ ಹತ್ರ. ಮಗಳಿಗೆ 20 ವರ್ಷ, ಶಿವಮೊಗ್ಗದಲ್ಲಿ ಬಿ.ಕಾಂ ಕೊನೇ ವರ್ಷ. ಏಳನೇ ವಯಸ್ಸಿಂದ ಭರತನಾಟ್ಯ ಕಲೀತಿದಾಳೆ, ಸೀನಿಯರ್ ಪರೀಕ್ಷೆ ಆಗಿದೆ, ಅದರ ಮುಂದಿನ ವಿದ್ವತ್ ಪರೀಕ್ಷೆಗೆ ತಯಾರಿ ನಡೀತಿತ್ತು. ಈಗ ಇಬ್ಬರು ಫ್ರೆಂಡ್ಸ್ ಜೊತೆ ಸೇರ್ಕೊಂಡು ಶರಾವತಿ ಮುಳುಗಡೆ ಬಗ್ಗೆ ಒಂದು ಡ್ಯಾನ್ಸ್ ಮಾಡ್ತೀವಿ ಅಂತ ಕೂತಿದಾಳೆ. ನಮ್ಮತ್ತೆ ತವರುಮನೆ ಲಿಂಗನಮಕ್ಕಿ ಡ್ಯಾಮ್ ಹಿನ್ನೀರಲ್ಲಿ ಮುಳುಗಿ ಹೋಗಿದ್ದು, ಆ ಕಥೆ ಕೇಳ್ಕೊಂಡೇ ಇವಳು ಬೆಳೆದಿದ್ದು. ಗೆಜ್ಜೆ ಇಲ್ಲ, ಭರತನಾಟ್ಯದ ಡ್ರೆಸ್ ಇಲ್ಲ, ಹತ್ತಿ ಸೀರೆ ಅಂತೆ, ಹಾಡಿನ ಬದಲು ಮಳೆ ಶಬ್ದ, ಲಾಂಚ್ ಇಂಜಿನ್ ಶಬ್ದ, ನೆಲದ ಮೇಲೆ ಉರುಳೋದೆಲ್ಲ ಇದೆ. ಗುರುಗಳು 'ಇದನ್ನ ಮಾಡೋದಾದ್ರೆ ನನ್ನ ಶಿಷ್ಯೆ ಅಂತ ಹೇಳ್ಕೋಬೇಡ' ಅಂದ್ರಂತೆ. ನೆಂಟರು ದೇವರ ಕಲೆ ಹಾಳು ಮಾಡ್ತಿದಾಳೆ ಅಂತಾರೆ. ಊರ ದೇವಸ್ಥಾನದಲ್ಲಿ ನವರಾತ್ರಿಗೆ ಕಾರ್ಯಕ್ರಮ ಕೊಡೋಕೆ ಕರೆದಿದಾರೆ, ಅಲ್ಲೇ ಇದನ್ನ ಮಾಡ್ತೀನಿ ಅಂತಾಳೆ. ರಂಗಪ್ರವೇಶಕ್ಕೆ, ಅಂದ್ರೆ ಒಬ್ಬಳೇ ಮಾಡೋ ಮೊದಲ ಪೂರ್ತಿ ಕಾರ್ಯಕ್ರಮಕ್ಕೆ, ಎತ್ತಿಟ್ಟಿರೋ ದುಡ್ಡು ಇದಕ್ಕೆ ಕೊಡಿ ಅಂತಾಳೆ. ಇಷ್ಟು ವರ್ಷ ಕಲಿತಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಆಗುತ್ತಾ? ಬಿಡಲಾ, ತಡೀಲಾ?

ಉತ್ತರ: ನಿಮ್ಮ ಪತ್ರ ಎರಡೆರಡು ಸಲ ಓದಿದೆ. ಇದರಲ್ಲಿ ಮೂರು ಭಯ ಕಲಸ್ಕೊಂಡಿವೆ. ಕಲೆ ಕೆಡುತ್ತಾ ಅನ್ನೋದೊಂದು, ಗುರುಗಳ ಜೊತೆ ಸಂಬಂಧ ಹೋಗುತ್ತಾ ಅನ್ನೋದೊಂದು, ಮಗಳ ಮುಂದಿನ ದಾರಿ ಏನು ಅನ್ನೋದೊಂದು. ನೆಂಟರು ಮಾತಾಡ್ತಿರೋದು ಮೊದಲನೇದರ ಬಗ್ಗೆ, ನಿಮ್ಮ ನಿದ್ದೆ ಕೆಡಿಸ್ತಿರೋದು ಮೂರನೇದು, ಆದ್ರೆ ಈಗಲೇ ಕೂತು ಸರಿ ಮಾಡ್ಕೋಬೇಕಾಗಿರೋದು ಎರಡನೇದು ಅಂತ ನನಗನ್ಸುತ್ತೆ. ನಾನು ಶಿವಮೊಗ್ಗದಲ್ಲಿ ಭರತನಾಟ್ಯ ಪಾಠ ಹೇಳೋಳು, ಹೊಸ ಪ್ರಯೋಗಗಳನ್ನೂ ಮಾಡಿಸಿದೀನಿ, ಹಾಗಾಗಿ ಎರಡೂ ಕಡೆಯವರ ಸಿಟ್ಟು ಹತ್ತಿರದಿಂದ ಗೊತ್ತು.

ನೆಂಟರ ಮಾತಿಂದ ಶುರು ಮಾಡ್ತೀನಿ. ಭರತನಾಟ್ಯ ಎರಡು ಸಾವಿರ ವರ್ಷದಿಂದ ಹೀಗೇ ಇದೆ, ಒಂದಿಷ್ಟೂ ಬದಲಾಗಿಲ್ಲ ಅಂತ ನಿರೂಪಣೆ ಮಾಡೋರು ಪ್ರತಿ ಕಾರ್ಯಕ್ರಮದಲ್ಲೂ ಹೇಳ್ತಾರೆ, ಜನ ನಂಬಿದಾರೆ, ಆದ್ರೆ ಅದು ಸರಿಯಲ್ಲ. ನಾಟ್ಯಶಾಸ್ತ್ರ ಅನ್ನೋ ಗ್ರಂಥ ಹಳೇದು, ರಸದ ವಿಚಾರ, ಹಸ್ತಗಳ (ಕೈಮುದ್ರೆಗಳ) ವಿಚಾರ ಅಲ್ಲಿಂದ ಬಂದಿದೆ, ಅದು ನಿಜ. ಆದ್ರೆ ನಿಮ್ಮ ಮಗಳು ಕಲಿತಿರೋ ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ತಿಲ್ಲಾನ ಅನ್ನೋ ಕ್ರಮ ಒಂದು ರೂಪಕ್ಕೆ ಬಂದಿದ್ದು ಹತ್ತೊಂಬತ್ತನೇ ಶತಮಾನದಲ್ಲಿ, ತಂಜಾವೂರಿನ ನಾಲ್ಕು ಜನ ಅಣ್ಣತಮ್ಮಂದಿರ ಕೈಯಲ್ಲಿ, ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು ಅಂತ. ಅವರಲ್ಲಿ ಚಿನ್ನಯ್ಯ ನಮ್ಮ ಮೈಸೂರಿಗೇ ಬಂದು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಇದ್ದವರು. ಇನ್ನು ಭರತನಾಟ್ಯ ಅನ್ನೋ ಹೆಸರು ಜನರ ಬಾಯಲ್ಲಿ ನಿಂತಿದ್ದು 1930ರ ದಶಕದಲ್ಲಿ, ಅದಕ್ಕೆ ಮುಂಚೆ ಸದಿರ್ ಅಂತಿದ್ರು, ದೇವದಾಸಿ ಮನೆತನದ ಹೆಣ್ಣುಮಕ್ಕಳು ಅದನ್ನ ಉಳಿಸ್ಕೊಂಡು ಬಂದಿದ್ದು. ಆಗೆಲ್ಲ ಹಾಡೋರು, ಮೃದಂಗದವರು ನರ್ತಕಿ ಹಿಂದೆ ನಿಂತ್ಕೊಂಡು ಅವಳು ಮುಂದೆ ಹೋದ್ರೆ ತಾವೂ ಮುಂದೆ, ಹಿಂದೆ ಬಂದ್ರೆ ತಾವೂ ಹಿಂದೆ ಹೆಜ್ಜೆ ಹಾಕ್ತಿದ್ರು. 1935ರಲ್ಲಿ ರುಕ್ಮಿಣಿ ದೇವಿ ಅರುಂಡೇಲ್ ವೇದಿಕೆ ಹತ್ತಿದ್ರು, ಮರುವರ್ಷ ಅವರ ನೃತ್ಯಶಾಲೆ ಕಲಾಕ್ಷೇತ್ರ ಶುರುವಾಯ್ತು, ಆಮೇಲಾಮೇಲೆ ಹಿಮ್ಮೇಳ ಪಕ್ಕಕ್ಕೆ ಹೋಗಿ ಕೂತ್ಕೊಳ್ತು, ಉಡುಪು ಬದಲಾಯ್ತು, ಶೃಂಗಾರದ ಪದಗಳಿಗೆ ಕತ್ತರಿ ಬಿತ್ತು. ಇವತ್ತು ನೆಂಟರು ಶುದ್ಧ ಅಂತ ಹೇಳೋ ಆ ಡ್ರೆಸ್, ಆ ಸ್ಟೇಜ್ ಎಲ್ಲ ಆಗಿನ ಕಾಲದ ಹೊಸ ಪ್ರಯೋಗವೇ.

ಆದ್ರೆ ಇಷ್ಟಕ್ಕೇ ನಿಮ್ಮ ಮಗಳು ಗೆದ್ದೆ ಅಂದ್ಕೋಬಾರದು. ಆ ಬದಲಾವಣೆಗೆ ಬೆಲೆ ತೆತ್ತಿದ್ದು ಯಾರು ಅಂತಾನೂ ನೋಡ್ಬೇಕು. 1947ರಲ್ಲಿ ಮದ್ರಾಸಿನಲ್ಲಿ ದೇವದಾಸಿ ಪದ್ಧತಿ ನಿಷೇಧದ ಕಾನೂನು ಬಂತು, ಶೋಷಣೆ ನಿಲ್ಲಬೇಕಿತ್ತು, ಅದು ಸರಿ, ಆದ್ರೆ ಅದೇ ಹೊತ್ತಿಗೆ ಆ ಮನೆತನದ ಎಷ್ಟೋ ಕಲಾವಿದೆಯರ ಕಾಲಕೆಳಗಿನ ವೇದಿಕೆನೂ ಹೋಯ್ತು, ಅವರಿಂದ ಕಲಿತವರು ಮುಂದೆ ಬಂದ್ರು. ಅದೇ ಪರಂಪರೆಯ ಬಾಲಸರಸ್ವತಿಯವರು ಶೃಂಗಾರ ತೆಗೆದು ನಾಟ್ಯ ಶುದ್ಧ ಮಾಡೋದು ಅಂದ್ರೆ ಏನು ಅಂತ ಕೊನೇವರೆಗೂ ವಾದ ಮಾಡಿದ್ರು. ನಮ್ಮ ಕಡೆ ನೋಡಿದ್ರೆ ಮೈಸೂರು ಶೈಲಿಯ ಕೆ. ವೆಂಕಟಲಕ್ಷಮ್ಮನವರು ಕಡೂರು ತಾಲ್ಲೂಕಿನ ಲಂಬಾಣಿ ತಾಂಡಾದಲ್ಲಿ ಹುಟ್ಟಿ, ಜಟ್ಟಿ ತಾಯಮ್ಮನವರ ಹತ್ರ ಕಲಿತು, ಅರಮನೆಯ ಆಸ್ಥಾನ ವಿದುಷಿ ಆದವರು. ಪರಂಪರೆ ಅಂದ್ರೆ ಇವರೆಲ್ಲ. ಹಾಗಾಗಿ ಬದಲಾಯಿಸೋದು ಪಾಪ ಅಲ್ಲ, ಆದ್ರೆ ಏನನ್ನ ಬಿಡ್ತಿದೀನಿ, ಅದನ್ನ ಇಲ್ಲೀವರೆಗೆ ಹೊತ್ಕೊಂಡು ಬಂದವರು ಯಾರು ಅಂತ ಗೊತ್ತಿರಬೇಕು.

ಹುಡುಗರ ಕಡೆಯಿಂದಲೂ ಒಂದು ತಪ್ಪು ತಿಳುವಳಿಕೆ ಇದೆ, ಇವತ್ತಿನ ಆಡಿಯನ್ಸ್‌ಗೆ ಹಳೇದು ಹಿಡಿಸಲ್ಲ, ಚಿಕ್ಕದಾಗಿ ಫಾಸ್ಟ್ ಆಗಿ ಇರ್ಬೇಕು ಅಂತ. ಮಲೆನಾಡಲ್ಲಿ ಕೂತು ಈ ಮಾತು ಹೇಗೆ ಹೇಳ್ತಾರೋ ನನಗೆ ಅರ್ಥ ಆಗಲ್ಲ. ರಾತ್ರಿಯಿಡೀ ಯಕ್ಷಗಾನ ನೋಡಿದ ಊರುಗಳು ನಮ್ಮವು, ಈಗ ಕಾಲಮಿತಿ ಪ್ರಯೋಗ ಜಾಸ್ತಿ ಆಗಿದೆ ನಿಜ, ಆದ್ರೂ ಒಳ್ಳೇ ಅರ್ಥಗಾರಿಕೆ ನಡೀತಿದ್ರೆ ಯಾರೂ ಎದ್ದು ಹೋಗಲ್ಲ. ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಸಂಸ್ಥೆ 1949ರಿಂದ ಇದೆ, ಅಡಿಕೆ ತೋಟದ ಮಧ್ಯದ ಹಳ್ಳಿ ಜನ ಎಲ್ಲೆಲ್ಲಿಯ ನಾಟಕ ನೋಡಿಲ್ಲ ಹೇಳಿ. ಭರತನಾಟ್ಯದ ವರ್ಣ ಅನ್ನೋ ಉದ್ದನೇ ಭಾಗಕ್ಕೆ ಜನ ಕೂರಲ್ಲ ಅಂದ್ರೆ ಅದು ನಿಧಾನ ಅಂತಲ್ಲ, ತೆಲುಗಲ್ಲೋ ತಮಿಳಲ್ಲೋ ಇರೋ ಸಾಹಿತ್ಯ ಅವರಿಗೆ ತಿಳಿಯಲ್ಲ, ತಿಳಿಸಿ ಹೇಳೋರೂ ಇಲ್ಲ. ನಾಯಕಿ ಸಖಿ ಹತ್ರ ಏನು ಹೇಳ್ತಿದಾಳೆ ಅಂತ ಎರಡು ಮಾತು ಕನ್ನಡದಲ್ಲಿ ಮೊದಲೇ ಹೇಳಿ ನೋಡಿ, ಅದೇ ಜನ ಅದೇ ವರ್ಣಕ್ಕೆ ಹೇಗೆ ಕೂರ್ತಾರೆ ಅಂತ.

ಹಾಗಾದ್ರೆ ಶರಾವತಿ ಬಗ್ಗೆ ಭರತನಾಟ್ಯ ಯಾಕೆ ಬೇಕು? ಇಲ್ಲಿ ನರ್ತಕಿ ಚಂದ್ರಲೇಖಾ ಅವರ ಕಥೆ ಹೇಳ್ಬೇಕು, ನಿಮ್ಮ ಮಗಳಿಗೂ ಓದಿ ಹೇಳಿ. 1952ರಲ್ಲಿ ಅವರ ರಂಗಪ್ರವೇಶ ಆಗಿದ್ದು ರಾಯಲಸೀಮೆಯ ಬರಗಾಲಕ್ಕೆ ದುಡ್ಡು ಸೇರಿಸೋ ಕಾರ್ಯಕ್ರಮದಲ್ಲಿ. ಅದರಲ್ಲಿ ಯಮುನೆಯ ನೀರು, ಆ ನೀರಲ್ಲಿ ಆಟ, ತುಂಬಿ ಹರಿಯೋ ಹೊಳೆ ಎಲ್ಲ ಅಭಿನಯಿಸ್ತಿದ್ದಾಗ ಅವರಿಗೆ ಥಟ್ಟಂತ ಆ ಬರದ ಊರುಗಳು ಕಣ್ಣಮುಂದೆ ಬಂದ್ವಂತೆ, ಒಣಗಿದ ನೆಲದ ಹೆಸರಲ್ಲಿ ನಾನಿಲ್ಲಿ ನೀರು ತೋರಿಸ್ತಿದೀನಲ್ಲ ಅಂತ. ಆ ಪ್ರಶ್ನೆ ಅವರನ್ನ ಬಿಡ್ಲಿಲ್ಲ. ಆಮೇಲೆ ಎಷ್ಟೋ ವರ್ಷ ನೃತ್ಯದಿಂದ ದೂರ ಇದ್ದು 1985ರಲ್ಲಿ 'ಅಂಗಿಕ' ಮಾಡಿದ್ರು, ಅದರಲ್ಲಿ ಭರತನಾಟ್ಯದ ಜೊತೆ ಕೇರಳದ ಸಮರಕಲೆ ಕಳರಿಪಯಟ್ಟು, ಯೋಗ ಬಂತು, ದೇವರ ಕಥೆ, ನಾಯಕ ನಾಯಕಿ ಎಲ್ಲ ಹೋಯ್ತು. ಕಥಕ್‌ನಲ್ಲಿ ಕುಮುದಿನಿ ಲಖಿಯಾ ಇದೇ ತರದ ಕೆಲಸ ಮಾಡಿದ್ರು, ನಮ್ಮ ಬೆಂಗಳೂರಲ್ಲಿ ಮಾಯಾ ರಾವ್ ಅವರು ಕೊರಿಯೋಗ್ರಫಿನ ಒಂದು ವಿದ್ಯೆಯಾಗೇ ಕಲಿಸಿದ್ರು. ನಾನು ಹೇಳೋಕೆ ಹೊರಟಿದ್ದು ಏನಂದ್ರೆ, ಇವರ್ಯಾರೂ ಹಳೇದು ಬೋರ್ ಆಯ್ತು ಅಂತ ಹೊರಟವರಲ್ಲ, ಹಳೇದರ ಒಳಗೆ ಕೂತು ಒಂದು ಪ್ರಶ್ನೆ ಎದ್ದು ಹೊರಟವರು. ನಿಮ್ಮ ಮಗಳಿಗೂ ಅಂಥ ಪ್ರಶ್ನೆ ಇದೆ ಅಂತ ಪತ್ರ ಓದಿದ್ರೇ ಗೊತ್ತಾಗುತ್ತೆ, ಅವಳ ಅಜ್ಜಿ ತವರು ನೀರಿನ ಕೆಳಗಿದೆ. ಲಿಂಗನಮಕ್ಕಿ ಮುಗಿದಿದ್ದು 1964ರಲ್ಲಿ, ಇವತ್ತಿಗೂ ಹಕ್ಕುಪತ್ರಕ್ಕೆ ಓಡಾಡ್ತಿರೋ ಸಂತ್ರಸ್ತ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿವೆ. ಇದು ರೀಲ್ಸ್‌ಗೆ ಹುಡುಕಿದ ಟಾಪಿಕ್ ಅಲ್ಲ.

ಇನ್ನು ನಿಜವಾದ ಕಷ್ಟಕ್ಕೆ ಬರ್ತೀನಿ, ಇದನ್ನ ಮಗಳಿಗೇ ಓದೋಕೆ ಕೊಡಿ. ಗೆಜ್ಜೆ ಬೇಡ, ಡ್ರೆಸ್ ಬೇಡ, ಸಾಹಿತ್ಯ ಬೇಡ ಅನ್ನೋದು ಸುಲಭ. ಆದ್ರೆ ಅವೊಂದೊಂದೂ ಒಂದೊಂದು ಕೆಲಸ ಮಾಡ್ತಿದ್ವು, ತೆಗೆದ ಮೇಲೆ ಆ ಕೆಲಸ ಯಾರು ಮಾಡ್ತಾರೆ? ಗೆಜ್ಜೆ ಇದ್ದಾಗ ಹಿಂದಿನ ಸಾಲಲ್ಲಿ ಕೂತವರಿಗೂ ಲಯ ಕೇಳುತ್ತೆ, ಪಾದ ಸ್ವಲ್ಪ ಸರಿಯಾಗಿ ಬೀಳದಿದ್ರೂ ಮುಚ್ಚಿ ಹೋಗುತ್ತೆ. ತೆಗೆದ್ರೆ ಬರಿಗಾಲಿನ ಶಬ್ದ ಮಾತ್ರ. ತಟ್ಟೋದು, ಹಿಮ್ಮಡಿ ಹಾಕೋದು, ಬೆರಳ ಮೇಲೆ ಕುಟ್ಟೋದು, ಒಂದೊಂದರ ಸದ್ದು ಬೇರೆ, ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಚೆನ್ನಾಗಿ ಕೇಳಿಸಿದ್ದು ಮರದ ಸ್ಟೇಜ್ ಮೇಲೆ ಬೇರೆ ತರ ಕೇಳುತ್ತೆ, ಮಳೆ ಟ್ರ್ಯಾಕ್ ಹಾಕಿದ್ರಂತೂ ಪೂರ್ತಿ ಮುಳುಗಿ ಹೋಗುತ್ತೆ. ಅವಳು ಅಡವಿನ (ಹೆಜ್ಜೆಯ) ಸದ್ದು ಇಟ್ಕೋತಾಳೋ, ಮಳೆ ಇಟ್ಕೋತಾಳೋ, ಎಲ್ಲಿ ಯಾವುದು ನಿಲ್ಲಬೇಕು ಅಂತ ಕೂತು ಯೋಚ್ನೆ ಮಾಡ್ಲಿ. ಸೀರೆದೂ ಹಾಗೇ, ಡ್ರೆಸ್‌ನ ಬೀಸಣಿಗೆ ಮಡಿಕೆ ಇದ್ರೆ ಅರಮಂಡಿಯ, ಅಂದ್ರೆ ಮಂಡಿ ಹೊರಗೆ ಮಡಿಸಿ ಅರ್ಧ ಕೂತ ಭಂಗಿಯ, ಆಕಾರ ದೂರಕ್ಕೂ ಕಾಣುತ್ತೆ, ಮಾಮೂಲಿ ಸೀರೆ ಉಟ್ರೆ ಮಂಡಿ ಒಳಗೇ ಸಿಕ್ಕಿಹಾಕ್ಕೊಳ್ಳುತ್ತೆ. ಗದ್ದೆ ನಾಟಿಗೆ ಇಳಿಯೋ ಹೆಂಗಸರು ಸೀರೆ ಎತ್ತಿ ಕಟ್ಟಿರ್ತಾರಲ್ಲ, ಅದನ್ನ ನೋಡಿ ಕಲೀಲಿ, ಕಥೆಗೂ ಹೊಂದುತ್ತೆ ಕಾಲಿಗೂ ಜಾಗ ಸಿಗುತ್ತೆ.

ಹಸ್ತಗಳನ್ನ ಮಾತ್ರ ಬಿಡಬೇಡ ಅಂತ ನಾನು ಹೇಳೋದು. ಪತಾಕ ಹಸ್ತದ ವಿನಿಯೋಗ, ಅಂದ್ರೆ ಅದನ್ನ ಯಾವ್ಯಾವುದಕ್ಕೆ ಬಳಸ್ತಾರೆ ಅನ್ನೋ ಪಟ್ಟಿ, ಅವಳಿಗೆ ಬಾಯಿಪಾಠ ಇರುತ್ತೆ, ಜೂನಿಯರ್ ಪರೀಕ್ಷೆಗೇ ಕೇಳ್ತಾರೆ. ಅಭಿನಯ ದರ್ಪಣ ಅನ್ನೋ ಹಳೇ ಗ್ರಂಥದ ಆ ಪಟ್ಟಿ ಶುರುವಲ್ಲೇ ಏನಿದೆ ನೋಡಿ, ಮೋಡ, ಕಾಡು, ಬೇಡ ಅಂತ ನಿಷೇಧಿಸೋದು, ಸ್ವಲ್ಪ ಮುಂದೆ ರಾತ್ರಿ, ನದಿ. ಎಲ್ಲದಕ್ಕೂ ಒಂದೇ ಕೈ! ಬೆರಳು ಜೋಡಿಸಿದ ಆ ಒಂದೇ ಅಂಗೈ ಮೇಲೆ ಹೋದ್ರೆ ಮೋಡ, ಎದ್ದು ನಿಂತ್ರೆ ಕಾಡು, ಎದೆಮುಂದೆ ತಡೆದ್ರೆ ಬೇಡ, ಅಡ್ಡ ಮಲಗಿ ಹರಿದ್ರೆ ನದಿ. ಮುಳುಗಡೆಯ ಇಡೀ ಕಥೆ ಅದರಲ್ಲಿದೆ, ಕಾಡಾಗಿದ್ದ ಕೈ ಬೇಡ ಅಂತ ತಡೆದು, ಆ ತಡೆದ ಕೈಯೇ ನಿಧಾನಕ್ಕೆ ನೀರಾಗೋದು. ಮೂರು ಹುಡುಗಿಯರು ಬೇರೆಬೇರೆ ಕಾಲದಲ್ಲಿ (ವೇಗದಲ್ಲಿ), ಒಬ್ಬಳು ವಿಳಂಬದಲ್ಲಿ ಇನ್ನೊಬ್ಬಳು ಎರಡನೇ ಕಾಲದಲ್ಲಿ ಇದನ್ನ ಮಾಡಿದ್ರೆ ಭರತನಾಟ್ಯ ಗೊತ್ತಿಲ್ಲದವರಿಗೂ ತಲುಪುತ್ತೆ, ಗೊತ್ತಿರೋ ಗುರುಗಳಿಗೆ ಮೈ ಜುಮ್ಮನ್ನುತ್ತೆ. ಇವತ್ತಿನ ಜನಕ್ಕೆ ಹೊಸದಾಗಿ ಹೇಳೋದು ಅಂದ್ರೆ ನನ್ನ ಪ್ರಕಾರ ಇದು, ಕಲಿತಿದ್ದನ್ನ ಇನ್ನೂ ಆಳಕ್ಕೆ ಅಗೆಯೋದು.

ಇನ್ನೊಂದು, ದುಃಖನೆಲ್ಲ ಮುಖದಲ್ಲೇ ಸುರಿಯೋದು ಬೇಡ. ನನ್ನ ಹತ್ರ ಕಲೀತಿದ್ದ ಒಬ್ಬ ಹುಡುಗಿ ಮನೆ ಬಿಟ್ಟು ಹೋಗೋ ದೃಶ್ಯ ಮಾಡಿದ್ಲು, ಕಣ್ಣಲ್ಲಿ ನೀರು ತುಂಬ್ಕೊಂಡು ಹೊರಗೆ ಬಂದು, ಬಾಗಿಲೆಳೆದು ಅಗಳಿ ಹಾಕಿದ್ಲು. ಮುಂದಿನ ಸಾಲಲ್ಲಿ ಕೂತಿದ್ದ ಒಬ್ಬ ಅಜ್ಜಿ ಕಾರ್ಯಕ್ರಮ ಮುಗಿದ ಮೇಲೆ ಬಂದು ಅವಳ ಕೈ ಹಿಡ್ಕೊಂಡು "ಚೆನ್ನಾಗಿತ್ತು ಕಣೇ, ಆದ್ರೆ ಅಗಳಿ ಒಳಗಿರ್ತದೆ, ಹೊರಗೆ ನಿಂತು ಹೇಗೆ ಹಾಕ್ತೀಯ? ಹೊರಗಿಂದಾದ್ರೆ ಚಿಲಕ" ಅಂದ್ರು. ಮುಂದಿನ ಸಲ ಆ ಹುಡುಗಿ ಏನು ಮಾಡಿದ್ಲು ಗೊತ್ತಾ, ಒಳಗೆ ನಿಂತು ಆ ಮರದ ಅಗಳಿನ ಎರಡೂ ಕೈಯಲ್ಲಿ ಕೊನೇ ಸಲ ಸರಿಸಿ ತೆಗೆದು, ಬಾಗಿಲು ತೆರೆದೇ ಬಿಟ್ಟು ಹೊರಗೆ ಹೋದ್ಲು. ಮುಖದಲ್ಲಿ ಏನೂ ಮಾಡ್ಲಿಲ್ಲ, ಅಗಳಿಯ ಭಾರ ಮಾತ್ರ ತೋಳಲ್ಲಿತ್ತು, ಜನ ಸುಮ್ಮನಾಗಿಬಿಟ್ರು. ನಿಮ್ಮ ಮನೇಲೇ ಅತ್ತೆ ಇದಾರೆ, ಮಗಳು ಅವರ ಹತ್ರ ಎಷ್ಟು ದುಃಖ ಆಯ್ತು ಅಂತ ಕೇಳದೆ, ಗಾಡಿಗೆ ಮೊದಲು ಏನು ಹೇರಿದ್ರಿ, ಏನು ಬಿಟ್ಟು ಬಂದ್ರಿ, ದನ ಏನ್ಮಾಡಿದ್ರಿ ಅಂತ ಕೇಳ್ಲಿ. ಅವರ ದನಿ ರೆಕಾರ್ಡ್ ಮಾಡೋದಾದ್ರೆ, ಸ್ಟೇಜಲ್ಲಿ ಹಾಕ್ತೀನಿ ಅಂತ ಹೇಳಿ ಒಪ್ಪಿಗೆ ತಗೊಂಡೇ ಮಾಡ್ಲಿ. ಬೇಡ ಅಂದ್ರೆ ಅಲ್ಲಿಗೆ ಬಿಡಬೇಕು.

ನೆಲದ ಮೇಲೆ ಉರುಳೋದರ ಬಗ್ಗೆ ನೀವು ಒಂದೇ ಮಾತಲ್ಲಿ ಬರೆದಿದೀರಿ, ನನಗೆ ಹೆಚ್ಚು ಭಯ ಇರೋದು ಅದರ ಬಗ್ಗೆ. ಭರತನಾಟ್ಯದ ಮೈಗೆ ಬೆನ್ನು ನೇರ ಇಟ್ಟು ನೆಲ ತಟ್ಟಿ ಗೊತ್ತು, ಬೀಳೋದು ಗೊತ್ತಿಲ್ಲ. ಬೀಳೋದನ್ನೂ ಕಲೀಬೇಕು, ಇಲ್ಲಾಂದ್ರೆ ಮಣಿಕಟ್ಟು, ಮಂಡಿ ಚಿಪ್ಪು, ಬಾಲಮೂಳೆ ಏಟು ತಿನ್ನುತ್ವೆ. ಫೋನ್ ನೋಡ್ಕೊಂಡು ಸಿಮೆಂಟ್ ನೆಲದ ಮೇಲೆ ಪ್ರಾಕ್ಟೀಸ್ ಮಾಡಿ ಮಂಡಿ ಊದಿಸ್ಕೊಂಡು ಬರೋ ಹುಡುಗಿಯರನ್ನ ನೋಡ್ತಾನೇ ಇರ್ತೀನಿ. ಮ್ಯಾಟ್ ಹಾಕ್ಲಿ, ನೀ ಪ್ಯಾಡ್ ಹಾಕ್ಲಿ, ಮೈ ಬಿಸಿ ಮಾಡ್ಕೊಳ್ದೆ ಶುರು ಮಾಡಬಾರದು, ಮಳೆಗಾಲದಲ್ಲಿ ನಮ್ಮ ಕಡೆ ನೆಲ ಬೆವರುತ್ತೆ, ಒರೆಸದೆ ಕುಣಿಯೋದು ಬೇಡವೇ ಬೇಡ. ಅರಮಂಡೀಲಿ ಮಂಡಿ ಪಾದದ ಬೆರಳು ಹೋಗೋ ದಿಕ್ಕಿಗೇ ಹೋಗಬೇಕು, ಸೊಂಟದ ಕೀಲು ತೆರೀದೆ ಬರೀ ಪಾದ ತಿರುಗಿಸಿದ್ರೆ ಮಂಡಿ ತಿರುಚುತ್ತೆ. ಮೊಳಕಾಲ ಕೆಳಗಿನ ಮೂಳೇಲಿ ಒಂದೇ ಜಾಗ ಮುಟ್ಟಿದ್ರೆ ನೋವು, ರೆಸ್ಟ್ ಮಾಡಿದಾಗಲೂ ನೋವು ಅಂದ್ರೆ ಎಣ್ಣೆ ಹಚ್ಕೊಂಡು ಕೂರದೆ ಮೂಳೆ ಡಾಕ್ಟರ್‌ಗೆ ತೋರಿಸಿ, ಮೂಳೇಲಿ ಕೂದಲೆಳೆ ಬಿರುಕು ಬಿಟ್ಟಿರಬಹುದು. ಸರಿಯಾಗಿ ಕಲೀಬೇಕು ಅಂದ್ರೆ ಬೆಂಗಳೂರಲ್ಲಿ ಅಟ್ಟಕ್ಕಲರಿಯಂಥ, ಸಮಕಾಲೀನ ನೃತ್ಯ ಕಲಿಸೋ ಜಾಗಗಳಿವೆ, ರಜೆಯಲ್ಲಿ ಹೋಗಿ ಸ್ವಲ್ಪ ಕಾಲ ಕಲಿತು ಬಂದು ಆಮೇಲೆ ಉರುಳ್ಲಿ, ಅದಕ್ಕೆ ಮುಂಚೆ ಆ ಭಾಗ ನಿಂತ್ಕೊಂಡೇ ಮಾಡ್ಲಿ.

ಈಗ ಗುರುಗಳ ವಿಷಯ. ಅವರ ಸಿಟ್ಟನ್ನ ಸಂಪ್ರದಾಯದ ಹಠ ಅಂತ ತಳ್ಳಿಹಾಕಬೇಡಿ. ನಮ್ಮಲ್ಲಿ ಯಾರು ಚೆನ್ನಾಗಿ ಮಾಡಿದ್ರೂ ಕೆಟ್ಟದಾಗಿ ಮಾಡಿದ್ರೂ ಮೊದಲು ಬರೋ ಪ್ರಶ್ನೆ 'ಯಾರ ಶಿಷ್ಯೆ' ಅಂತ, ಅವರ ಹೆಸರು ಅದರಲ್ಲಿದೆ. ಅರ್ಧ ಕಲಿತು ಕೈಗೆ ಬಂದಿದ್ದು ಮಾಡಿ ಅದಕ್ಕೆ ಫ್ಯೂಷನ್ ಅಂತ ಹೆಸರಿಡೋರನ್ನ ಅವರು ಬೇಕಾದಷ್ಟು ನೋಡಿರ್ತಾರೆ. ಆದ್ರೂ ಶಿಷ್ಯೆ ಅಂತ ಹೇಳ್ಕೋಬೇಡ ಅಂದಿದ್ದು ನನಗೆ ಸರಿ ಕಾಣಲ್ಲ, ಬಹುಶಃ ಮಾಡಿದ್ದನ್ನ ನೋಡಿಲ್ಲ, ಬರೀ ಬಾಯಿಮಾತಲ್ಲಿ ಕೇಳಿದಾರೆ, ಗೆಜ್ಜೆ ಇಲ್ಲ ಉರುಳೋದಿದೆ ಅಂದ್ರೆ ಯಾರಿಗಾದ್ರೂ ಹಾಗೇ ಅನ್ಸುತ್ತೆ. ನೀವು ಜಗಳಕ್ಕೆ ಹೋಗ್ಬೇಡಿ, ನೆಂಟರನ್ನ ಮಧ್ಯಸ್ಥಿಕೆಗೆ ಕಳಿಸ್ಬೇಡಿ. ಪಾಠ ತಪ್ಪಿಸದೆ ಮಗಳು ಹೋಗ್ತಾ ಇರ್ಲಿ, ಆ ಪತಾಕದ ಭಾಗ ಏಳೆಂಟು ನಿಮಿಷ ಗಟ್ಟಿ ಮಾಡ್ಕೊಂಡು, "ಮಿಸ್, ಇದನ್ನ ನೋಡಿ ತಪ್ಪು ಹೇಳ್ತೀರಾ" ಅಂತ ಕೇಳ್ಲಿ. ಮಾಡ್ಲಾ ಬೇಡ್ವಾ ಅಂತ ಕೇಳಿದ್ರೆ ಬೇಡ ಅನ್ನೋದೇ ಸುಲಭ, ತಪ್ಪು ಹೇಳಿ ಅಂದ್ರೆ ಗುರು ಆದವರಿಗೆ ಸುಮ್ಮನಿರೋಕೆ ಆಗಲ್ಲ. ಅಷ್ಟಾದ ಮೇಲೂ ಬೇಡ ಅಂದ್ರೆ, ಅವರ ಹೆಸರು ಪೋಸ್ಟರ್‌ನಲ್ಲಿ ಹಾಕದೆ, ಅವರು ಕಟ್ಟಿದ ಜತಿ (ತಾಳದ ಸೊಲ್ಲುಗಳ ಜೋಡಣೆ), ಅವರ ಸಂಯೋಜನೆ ಯಾವುದನ್ನೂ ಬಳಸದೆ ಮಾಡ್ಲಿ. ಅಡವು, ಹಸ್ತ ಯಾರ ಸ್ವತ್ತೂ ಅಲ್ಲ, ಆದ್ರೆ ಗುರು ಕಟ್ಟಿದ ಜತಿ ಅವರದ್ದು, ಬರೆದಿಟ್ಟಿದ್ದೋ ವಿಡಿಯೋ ಮಾಡಿಟ್ಟಿದ್ದೋ ಆದ್ರೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೂ ನೃತ್ಯ ಸಂಯೋಜನೆಗೆ ರಕ್ಷಣೆ ಇದೆ. ಹಾಗೇ ಯೂಟ್ಯೂಬಿಂದ ಯಾರದೋ ಮ್ಯೂಸಿಕ್ ಇಳಿಸ್ಕೊಂಡು ಹಾಕೋದೂ ಬೇಡ, ರೆಕಾರ್ಡಿಂಗ್‌ಗೆ 60 ವರ್ಷ ಹಕ್ಕಿರುತ್ತೆ, ಕವಿತೆಯಾದ್ರೆ ಕವಿ ತೀರಿಕೊಂಡ ಮೇಲೂ 60 ವರ್ಷ. ಮಳೆ ಶಬ್ದಕ್ಕೆ ನಮ್ಮೂರಲ್ಲಿ ಬರವಿಲ್ಲ, ತಾವೇ ರೆಕಾರ್ಡ್ ಮಾಡ್ಲಿ.

ನವರಾತ್ರಿ ಕಾರ್ಯಕ್ರಮದಲ್ಲಿ ಇದನ್ನ ಮಾಡೋದು ಬೇಡ ಅಂತ ನನ್ನ ಸ್ಪಷ್ಟ ಅಭಿಪ್ರಾಯ. ದೇವರಿಗೆ ಅಪಚಾರ ಅಂತಲ್ಲ. ಅಲ್ಲಿಗೆ ಜನ ಬೇರೆ ಮನಸ್ಸಲ್ಲಿ ಬಂದಿರ್ತಾರೆ, ಮೈಕಲ್ಲಿ ಮಧ್ಯೆ ಮಧ್ಯೆ ದೇಣಿಗೆ ಕೊಟ್ಟವರ ಹೆಸರು ಕೂಗ್ತಾರೆ, ಪ್ರಸಾದದ ಸಾಲು ಶುರುವಾಗಿರುತ್ತೆ, ಬರಿಗಾಲಿನ ಸದ್ದು ಕೇಳಬೇಕಾದ ಪ್ರಯೋಗ ಅಲ್ಲಿ ನಿಲ್ಲಲ್ಲ, ಆಮೇಲೆ ಜನಕ್ಕೆ ಅರ್ಥ ಆಗ್ಲಿಲ್ಲ ಅಂತ ಹುಡುಗಿ ಬೇಜಾರಾಗ್ತಾಳೆ. ಕರೆದವರಿಗೆ ಏನು ಮಾಡ್ತೀನಿ ಅಂತ ಹೇಳದೆ ಹೋಗಿ ಮಾಡೋದೂ ತಪ್ಪು. ಅಲ್ಲಿ ಒಂದು ದೇವೀಸ್ತುತಿ, ಒಂದು ತಿಲ್ಲಾನ ಚೆನ್ನಾಗಿ ಮಾಡಿ ಬರ್ಲಿ. ಮುಳುಗಡೆಯ ಪ್ರಯೋಗಕ್ಕೆ ಒಂದು ಶಾಲೆಯ ಹಾಲ್, ಒಂದು ಮನೆಯ ಅಂಗಳ ಸಾಕು, ಐವತ್ತು ಜನ ಹತ್ತಿರ ಕೂರಬೇಕು, ಅದರಲ್ಲಿ ಮುಳುಗಡೆಯಿಂದ ಎದ್ದು ಬಂದ ಹಿರಿಯರು ಇರಬೇಕು. ಅವರಿಗೆ ಸುಳ್ಳು ಅನ್ನಿಸಿದ್ದು ಅಲ್ಲೇ ಗೊತ್ತಾಗುತ್ತೆ.

ಕೊನೇದಾಗಿ ದುಡ್ಡು ಮತ್ತೆ ಮುಂದಿನ ದಾರಿ. ಈಗಿನ ರಂಗಪ್ರವೇಶಗಳಿಗೆ ಮದುವೆ ಖರ್ಚು ಬರ್ತಿದೆ, ಹಾಲ್, ಹಿಮ್ಮೇಳ, ಊಟ, ಫ್ಲೆಕ್ಸು, ಅದಕ್ಕಾಗಿ ಯಾರೂ ಸಾಲ ಮಾಡಬಾರದು ಅಂತ ನಾನು ಎಲ್ಲ ತಾಯಂದಿರಿಗೂ ಹೇಳ್ತೀನಿ. ಆದ್ರೆ ಎರಡು ಗಂಟೆ ಒಬ್ಬಳೇ ನಿಂತು ಅಲರಿಪುವಿಂದ ತಿಲ್ಲಾನದವರೆಗೆ ಪೂರ್ತಿ ಮಾರ್ಗ ಮಾಡೋ ತಾಕತ್ತು ಇದೆಯಲ್ಲ, ಅದು ಯಾವ ಪ್ರಯೋಗಕ್ಕೂ ಬೇಕು, ವರ್ಣದ ಅರ್ಧದಲ್ಲಿ ಉಸಿರು ಹೋದ ಮೇಲೂ ನಿಲ್ಲೋದನ್ನ ಬೇರೆ ಯಾವುದೂ ಕಲಿಸಲ್ಲ. ಹಾಗಾಗಿ ಊಟ ಫ್ಲೆಕ್ಸು ಬಿಟ್ಟು, ಪರಿಚಯದವರ ಮುಂದೆ ಚಿಕ್ಕದಾಗಿ ಮಾಡಿ, ಉಳಿದ ದುಡ್ಡಲ್ಲಿ ಒಂದು ಭಾಗ ಅವಳ ಪ್ರಯೋಗಕ್ಕೆ, ಇನ್ನೊಂದು ಭಾಗ ಬೆಂಗಳೂರಲ್ಲಿ ಕಲಿಯೋಕೆ ಕೊಡಿ. ಬರೀ ಹೊಸ ಪ್ರಯೋಗ ನಂಬ್ಕೊಂಡು ನಮ್ಮ ಜಿಲ್ಲೇಲಿ ಹೊಟ್ಟೆ ತುಂಬಲ್ಲ, ಇದನ್ನ ಮುಚ್ಚಿಟ್ಟು ಹೇಳೋದ್ರಲ್ಲಿ ಅರ್ಥ ಇಲ್ಲ. ಇಲ್ಲಿ ನೃತ್ಯ ಮಾಡ್ತಾ ಬದುಕ್ತಿರೋರು ಹೆಚ್ಚಿನವರು ಕ್ಲಾಸ್ ತಗೊಳ್ತಾರೆ, ಶಾಲೆಗಳಲ್ಲಿ ಪಾಠ ಹೇಳ್ತಾರೆ, ನಾಟಕಗಳಿಗೆ ನೃತ್ಯ ಸಂಯೋಜನೆ ಮಾಡ್ತಾರೆ, ಜೊತೆಗೊಂದು ಕೆಲಸ ಇಟ್ಕೊಂಡಿರೋರೂ ಇದಾರೆ. ಶಾಲೆಯವರು ಮೊದಲು ಕೇಳೋದು ವಿದ್ವತ್ ಆಗಿದೆಯಾ ಅಂತ. ಬಿ.ಕಾಂ ಮುಗಿಸ್ಲಿ, ವಿದ್ವತ್ ಪರೀಕ್ಷೆಗೆ ಈ ವರ್ಷವೇ ಕಟ್ಲಿ, ಅರ್ಜಿಗೆ ಗುರುಗಳ ಸಹಿ ಬೇಕಾದ್ರೆ ಅದನ್ನ ಕೊನೇ ದಿನದವರೆಗೆ ಎಳೀದೆ, ಪ್ರಯೋಗ ತೋರಿಸೋಕೆ ಹೋಗೋ ಮುಂಚೇನೇ ಹಾಕಿಸ್ಕೊಳ್ಳಿ.